ಇಂಗ್ಲಿಷಲ್ಲಿ ಬರೆದ ವಾಕ್ಯ ಪೂರ್ತಿ ಆಗಿದ್ಯಾ ಇಲ್ವಾ ಅಂತ ಗೊತ್ತು ಮಾಡುದು ಹೇಗೆ?

ಬದಿಯಡ್ಕದ ಬಸ್ಸು:

ನಮಸ್ಕಾರ ಎಲ್ರಿಗೂ. ಇಲ್ಲಿ ಇಂಗ್ಲಿಷ್ ಗ್ರಾಮರ್ ಗೊತ್ತಿರುವ ಅಣ್ಣ ಅಕ್ಕಂದಿರು ಇದ್ರೆ ಸ್ವಲ್ಪ ಬಿಡಿಸಿ ಹೇಳಿ. ನಾನು ಹತ್ತರವರೆಗೆ ಕನ್ನಡ ಮೀಡಿಯಂ, ಈಗ ಡಿಗ್ರಿ ಫಸ್ಟ್ ಇಯರ್. ಓದಿದ್ರೆ ಅರ್ಥ ಆಗ್ತದೆ, ಕ್ಲಾಸಲ್ಲಿ ಹೇಳಿದ್ದೂ ಅರ್ಥ ಆಗ್ತದೆ, ಬರೀಲಿಕ್ಕೆ ಕೂತ್ರೆ ಮಾತ್ರ ಕಥೆ ಬೇರೆ. ಅಸೈನ್‌ಮೆಂಟ್ ವಾಪಸ್ ಬರುವಾಗ ಬದಿಯಲ್ಲಿ ಕೆಂಪು ಪೆನ್ನಿನಲ್ಲಿ "ಫ್ರಾಗ್" "ಫ್ರಾಗ್" ಅಂತ ಬರ್ದಿರ್ತದೆ, ಮೊದ್ಲು ನೋಡಿದಾಗ ಇದೆಂತ ಕಪ್ಪೆ ಅಂತ ಬೆಂಚಿನವರೆಲ್ಲ ನಗಾಡಿದ್ದು, ಮತ್ತೆ ಗೊತ್ತಾಯ್ತು ಅದು ಫ್ರಾಗ್ಮೆಂಟ್ ಅಂತ, ಅಂದ್ರೆ ವಾಕ್ಯ ಪೂರ್ತಿ ಆಗ್ಲಿಲ್ಲ ಅಂತ ಲೆಕ್ಕ. ಎಲ್ಲಿ ಪೂರ್ತಿ ಆಗ್ಲಿಲ್ಲ ಅಂತ ಕೇಳಿದ್ರೆ "ಕ್ಲಾಜ್ ನೋಡಿ" ಅಂತಾರೆ, ಆ ಕ್ಲಾಜ್ ಅಂದ್ರೆ ಎಂತ ಅಂತ ಗೊತ್ತಿದ್ರೆ ನಾನು ಯಾಕೆ ಕೇಳ್ಲಿಕ್ಕೆ ಹೋಗ್ತಿದ್ದೆ.

ನಮ್ಮ ಊರಿನ ಬಗ್ಗೆ ಬರೆದ ಅಸೈನ್‌ಮೆಂಟಲ್ಲಿ ಕೆಂಪು ಬಿದ್ದದ್ದು ಇವು.

"ನೋಬಡಿ ಸ್ಟೇಸ್ ಫಾರ್ ದಿ ಈವ್ನಿಂಗ್ ಪ್ರೋಗ್ರಾಂ. ಬಿಕಾಸ್ ದಿ ಲಾಸ್ಟ್ ಬಸ್ ಲೀವ್ಸ್ ಅರ್ಲಿ." ಇದ್ರಲ್ಲಿ ಎರಡನೇದಕ್ಕೆ ಕೆಂಪು.

"ದಿ ರಿವರ್ ಫ್ಲೋಯಿಂಗ್ ಬಿಹೈಂಡ್ ಅವರ್ ಸ್ಕೂಲ್ ವಿದ್ ಅರೆಕಾ ಗಾರ್ಡನ್ಸ್ ಆನ್ ಬೋತ್ ಸೈಡ್ಸ್."

"ವಿ ವೆಂಟ್ ಟು ಬೇಕಲ್ ಫೋರ್ಟ್. ವಿಚ್ ದಿ ನಾಯಕಾಸ್ ಆಫ್ ಇಕ್ಕೇರಿ ಬಿಲ್ಟ್." ಇಲ್ಲೂ ಎರಡನೇದು.

"ಆಲ್ದೋ ಕಾಸರಗೋಡ್ ಬಿಕೇಮ್ ಎ ಡಿಸ್ಟ್ರಿಕ್ಟ್ ಇನ್ 1984, ಬಟ್ ವಿ ಸ್ಟಿಲ್ ಗೋ ಟು ಮ್ಯಾಂಗಳೂರ್ ಫಾರ್ ಎವ್ರಿಥಿಂಗ್." ಇದಕ್ಕೆ ಫ್ರಾಗ್ ಅಂತ ಬರೀಲಿಲ್ಲ, "ಬಟ್"ಗೆ ರೌಂಡ್ ಹಾಕಿ ಬಿಟ್ಟಿದ್ದಾರೆ.

ಮಜಾ ಎಂತ ಅಂದ್ರೆ ಅದೇ ಪುಟದಲ್ಲಿ "ದಿ ರೇನ್ ಸ್ಟಾಪ್ಡ್." ಅಂತ ಮೂರೇ ಪದ ಬರ್ದಿದ್ದೆ, ಅದಕ್ಕೆ ಏನೂ ಇಲ್ಲ! ನದಿಯದ್ದು ಅಷ್ಟುದ್ದ ಉಂಟು, ಅದು ವಾಕ್ಯ ಅಲ್ವಂತೆ. ಹಾಗಾದ್ರೆ ಲೆಕ್ಕ ಎಂತ?

ಪಿಎಸ್‌ಸಿ ಕನಸುಗಾರ:

ಸಿಂಪಲ್. ಬಿಕಾಸ್, ವಿಚ್, ಆಂಡ್, ಬಟ್ ಇವುಗಳಿಂದ ವಾಕ್ಯ ಶುರು ಮಾಡ್ಲೇಬಾರ್ದು. ನಮ್ಗೆ ಕೋಚಿಂಗಲ್ಲಿ ಹೇಳಿಕೊಟ್ಟದ್ದು ಅಷ್ಟೇ, ಬಾಯಿಪಾಠ ಮಾಡಿ ಇಟ್ಕೊಳ್ಳಿ. ನದಿಯದ್ದು ಯಾಕೆ ತಪ್ಪು ಅಂತ ನಂಗೂ ಗೊತ್ತಾಗ್ಲಿಲ್ಲ, ಉದ್ದ ಆಯ್ತು ಅಂತ ಇರ್ಬೇಕು.

ಮುಳ್ಳೇರಿಯದ ಟೀಚರ್:

ಅಯ್ಯೋ ಹಾಗೆ ಬಾಯಿಪಾಠ ಮಾಡಿಸ್ಬೇಡಿ ಮಾರ್ರೆ, ಬಿಕಾಸ್‌ನಿಂದ ವಾಕ್ಯ ಶುರು ಮಾಡ್ಬಾರ್ದು ಅಂತ ಇಂಗ್ಲಿಷಿನಲ್ಲಿ ನಿಯಮವೇ ಇಲ್ಲ. ಸಣ್ಣ ಮಕ್ಕಳು ಅರ್ಧದಲ್ಲಿ ನಿಲ್ಲಿಸ್ತಾರೆ ಅಂತ ಶಾಲೆಯಲ್ಲಿ ಹೆದರಿಸಿ ಇಡುದು, ದೊಡ್ಡವರಾದ ಮೇಲೂ ಆ ಹೆದರಿಕೆ ಹೋಗುದಿಲ್ಲ. "ಬಿಕಾಸ್ ದಿ ಲಾಸ್ಟ್ ಬಸ್ ಲೀವ್ಸ್ ಅರ್ಲಿ, ನೋಬಡಿ ಸ್ಟೇಸ್ ಫಾರ್ ದಿ ಈವ್ನಿಂಗ್ ಪ್ರೋಗ್ರಾಂ" ಅಂತ ಬರೀರಿ, ಯಾವ ಕೆಂಪು ಪೆನ್ನೂ ಅದನ್ನು ಮುಟ್ಟುದಿಲ್ಲ.

ಕೇಳಿದವರಿಗೆ ಹೇಳುದಾದ್ರೆ, ಮೊದ್ಲು ಉದ್ದ ಗಿಡ್ಡ ಮರೆತುಬಿಡಿ. ವಾಕ್ಯದಲ್ಲಿ ಕಾಲ ತೋರಿಸುವ ಕ್ರಿಯಾಪದ ಎಲ್ಲಿ ಉಂಟು ಅಂತ ಹುಡುಕಿ. ಹುಡುಕ್ಲಿಕ್ಕೆ ಒಂದು ಉಪಾಯ, ಆ ವಾಕ್ಯವನ್ನು ನಿನ್ನೆಗೆ ಒಮ್ಮೆ, ನಾಳೆಗೆ ಒಮ್ಮೆ ಬದಲಿಸಿ ನೋಡಿ, ಆಗ ಯಾವ ಪದ ರೂಪ ಬದಲಿಸ್ತದೋ ಅದೇ. "ದಿ ರೇನ್ ಸ್ಟಾಪ್ಡ್" ನಾಳೆಗೆ "ವಿಲ್ ಸ್ಟಾಪ್" ಆಗ್ತದೆ. ನಿಮ್ಮ ನದಿ? ನಿನ್ನೆಯೂ "ಫ್ಲೋಯಿಂಗ್", ನಾಳೆಯೂ "ಫ್ಲೋಯಿಂಗ್". ಅಂದ್ರೆ ಅದ್ರಲ್ಲಿ ಕಾಲವೇ ಇಲ್ಲ. ಬರೀ "ಇಂಗ್" ಹಚ್ಚಿದ್ದು, ಬರೀ "ಟು" ಹಿಡ್ಕೊಂಡು ಬಂದದ್ದು, ಇವು ಒಂಟಿಯಾಗಿ ವಾಕ್ಯ ಮುಗಿಸುದಿಲ್ಲ. ಇದು ನಮ್ಮ ಕನ್ನಡದಲ್ಲೂ ಇಲ್ವಾ? "ನದಿ ಶಾಲೆಯ ಹಿಂದೆ ಹರಿಯುತ್ತಾ" ಅಂತ ಹೇಳಿ ನೀವು ಸುಮ್ಮನಾದ್ರೆ ಎದುರಿದ್ದವರು "ಹರಿಯುತ್ತಾ... ಎಂತ?" ಅಂತ ಕಾಯ್ತಾರೆ. ಕೃದಂತ ಅಂತ ಓದಿದ್ದೀರಲ್ಲ, ಹರಿದು, ಹರಿಯುತ್ತಾ, ಹರಿಯುವ, ಅದೇ ಜಾತಿಯದ್ದು. "ಫ್ಲೋಸ್" ಅಂತ ಮಾಡಿ, ಅಥವಾ ಹಿಂದೆ ಒಂದು "ಈಸ್" ಸೇರಿಸಿ, ಮುಗೀತು.

ಈಗ ಕ್ಲಾಜ್. ಕರ್ತೃ ಒಂದು, ಕಾಲ ತೋರಿಸುವ ಕ್ರಿಯಾಪದ ಒಂದು, ಈ ಜೋಡಿ ಇದ್ರೆ ಅದು ಕ್ಲಾಜ್. ಜೋಡಿ ಇಲ್ಲದ್ದು ಬರೀ ಫ್ರೇಸ್. "ಆಫ್ಟರ್ ದಿ ರೇನ್" ಫ್ರೇಸ್, "ಆಫ್ಟರ್ ದಿ ರೇನ್ ಸ್ಟಾಪ್ಡ್" ಕ್ಲಾಜ್. ಆದ್ರೆ ಎರಡನ್ನೂ ಒಂಟಿಯಾಗಿ ಬಿಡ್ಲಿಕ್ಕೆ ಆಗುದಿಲ್ಲ, ಗಮ್ಮತ್ತು ಇರುದೇ ಅಲ್ಲಿ. ನಿಮ್ಮ ಬಿಕಾಸ್ ವಾಕ್ಯದಲ್ಲಿ "ದಿ ಲಾಸ್ಟ್ ಬಸ್" ಕರ್ತೃ ಉಂಟು, "ಲೀವ್ಸ್" ಕ್ರಿಯಾಪದ ಉಂಟು, ಏನೂ ಕಡಿಮೆ ಇಲ್ಲ, ಆದ್ರೂ ಅದು ಒಳ್ಳೆಮೆಣಸಿನ ಬಳ್ಳಿ ಹಾಗೆ, ಎಷ್ಟು ಚಂದ ಬೆಳೆದ್ರೂ ಹಬ್ಬಲಿಕ್ಕೆ ಪಕ್ಕದಲ್ಲಿ ಅಡಿಕೆ ಮರ ಬೇಕೇ ಬೇಕು. ಹೀಗೆ ಆಸರೆ ಬೇಕಾದ್ದು ಡಿಪೆಂಡೆಂಟ್ ಕ್ಲಾಜ್, ಆಸರೆ ಕೊಡುವುದು ಇಂಡಿಪೆಂಡೆಂಟ್ ಕ್ಲಾಜ್. ಬಿಕಾಸ್, ಆಲ್ದೋ, ವೆನ್, ಇಫ್, ಅನ್ಲೆಸ್, ವೈಲ್, ಹೂ, ವಿಚ್, ಇಂಥದ್ದು ಎದುರು ಬಂದು ಕೂತ ಕೂಡ್ಲೆ ಕ್ಲಾಜ್‌ನ ಸ್ವಾತಂತ್ರ್ಯ ಹೋಯ್ತು.

ಇನ್ನು ಬಿಕಾಸ್‌ನಲ್ಲಿ ನಮ್ಮವರೇ ಹೆಚ್ಚು ಬೀಳುದು ಯಾಕೆ ಅಂತ ನಂಗೆ ಅನಿಸುದು ಹೇಳ್ತೇನೆ. ಕನ್ನಡದಲ್ಲಿ "ನಾನು ಬರ್ಲಿಲ್ಲ. ಯಾಕೆಂದ್ರೆ ಮಳೆ ಇತ್ತು." ಅಂತ ಚುಕ್ಕಿ ಹಾಕಿ ಬರೆದ್ರೆ ಯಾರೂ ತಪ್ಪು ಅನ್ನುದಿಲ್ಲ, "ಮಳೆ ಇತ್ತು" ಅಂತ ಕ್ರಿಯಾಪದದಲ್ಲಿ ಮುಗೀತಲ್ಲ, ವಾಕ್ಯ ನಿಂತಿತು. ನಾವು ಆ ಚುಕ್ಕಿಯನ್ನು ಹಾಗೇ ತಕ್ಕೊಂಡು ಹೋಗಿ ಇಂಗ್ಲಿಷಿನಲ್ಲಿ ಇಡ್ತೇವೆ. ಬೇಕಲದ್ದೂ ಅದೇ ರೋಗ, ಕೋಟೆಯ ನಂತರ ಚುಕ್ಕಿ ತೆಗೆದು ಕಾಮ ಹಾಕಿದ್ರೆ ಸರಿ ಆಗ್ತದೆ. ಪದ ಒಂದೂ ಬದಲಿಸ್ಬೇಕಂತ ಇಲ್ಲ.

ಹೊಸಂಗಡಿ ಅಮ್ಮ:

ಟೀಚರ್ ಹೇಳಿದ್ದು ಓದಿ ನಂಗೂ ಒಂದು ಹೇಳ್ಬೇಕು ಅನಿಸ್ತು. ನನ್ನ ಮಗಳು ಹತ್ತರಲ್ಲಿ, ಅವಳಿಗೂ ಇದೇ ತಕರಾರು. ಅವಳು ಬರೆದದ್ದನ್ನು ನಾನು ಕೊನೆಯ ವಾಕ್ಯದಿಂದ ಮೇಲಕ್ಕೆ ಓದಿಸುದು. ಮೇಲಿಂದ ಓದಿದ್ರೆ ಹಿಂದಿನ ವಾಕ್ಯದ ಅರ್ಥ ತಲೆಯಲ್ಲಿ ಇರ್ತದಲ್ಲ, ಹಾಗಾಗಿ ಅರ್ಧ ವಾಕ್ಯವೂ ಪೂರ್ತಿ ಅಂತ ಕಾಣ್ತದೆ. ಕೆಳಗಿಂದ ಓದಿದ್ರೆ "ಬಿಕಾಸ್ ದಿ ಲಾಸ್ಟ್ ಬಸ್ ಲೀವ್ಸ್ ಅರ್ಲಿ" ಅಂತ ಒಂದೇ ಬರ್ತದೆ, ಆಗ ಅವಳೇ "ಅಮ್ಮ ಇದು ನೇತಾಡ್ತಾ ಉಂಟು" ಅಂತಾಳೆ. ಮತ್ತೆ ಇನ್ನೊಂದು, ವಾಕ್ಯದ ಎದುರು "ಐ ಥಿಂಕ್ ದಟ್" ಸೇರಿಸಿ ಓದುದು. "ಐ ಥಿಂಕ್ ದಟ್ ದಿ ರೇನ್ ಸ್ಟಾಪ್ಡ್", ಸರಿ ಕೂತಿತು. "ಐ ಥಿಂಕ್ ದಟ್ ವಿಚ್ ದಿ ನಾಯಕಾಸ್ ಬಿಲ್ಟ್", ಛೆ, ಬಾಯಿಗೇ ಬರುದಿಲ್ಲ. ಪ್ರಶ್ನೆ ವಾಕ್ಯಕ್ಕೆ, "ಹೋಗು ಬಾ" ಅಂತ ಹೇಳುವ ವಾಕ್ಯಕ್ಕೆ ಮಾತ್ರ ಇದು ನಡೆಯುದಿಲ್ಲ.

ಅಕ್ಕಲಕೋಟ ಮಂದಿ:

ನಮಸ್ಕಾರ್ರಿ, ನಾ ಸೊಲ್ಲಾಪುರ ಜಿಲ್ಲಾದಾಂವ, ನಮ್ಮ ಕಡೀನೂ ಇದ ಹಣೆಬರಾ ಅದ, ಕನ್ನಡ ಸಾಲಿ ಕಲ್ತು ಕಾಲೇಜಿಗಿ ಹೋದ್ರ ಅಲ್ಲಿ ಮರಾಠಿ, ಬರಿಯೂದು ಇಂಗ್ಲಿಷ್. ಟೀಚರ್ ಹೇಳಿದ್ದು ಖರೇ ಅದರೀ, ಆದ್ರ ಪರೀಕ್ಷಾದಾಗ ಕುಂತು ಇಷ್ಟೆಲ್ಲಾ ಯಾರು ವಿಚಾರ ಮಾಡ್ತಾರ, ನಾ ಒಂದು ಎಣಿಕಿ ಹೇಳ್ತೀನಿ ನೋಡ್ರಿ, ನನಗ ಭಾಳ ಉಪಯೋಗ ಆಗ್ಯದ.

ಕಾಲ ತೋರಸೂ ಕ್ರಿಯಾಪದ ಎಷ್ಟದಾವ ಎಣಸ್ರಿ. ಜೋಡಿಸೂ ಪದ ಎಷ್ಟದಾವ ಎಣಸ್ರಿ. ಮೊದಲನೇದ್ರಾಗ ಎರಡನೇದ ಕಳೀರಿ. ಒಂದು ಉಳೀಬೇಕು. ಮುಗೀತು.

ಸೊನ್ನಿ ಬಂತಂದ್ರ ಫ್ರಾಗ್ಮೆಂಟ್, ಬಿಕಾಸ್ ಒಂದು, ಲೀವ್ಸ್ ಒಂದು, ಕಳದ್ರ ಸೊನ್ನಿ. ನದೀಗಿ ಕ್ರಿಯಾಪದಾನ ಇಲ್ಲ, ಅದೂ ಸೊನ್ನಿ. "ದಿ ರೇನ್ ಸ್ಟಾಪ್ಡ್" ಕ್ರಿಯಾಪದ ಒಂದು, ಜೋಡಿಸೂದು ಇಲ್ಲ, ಒಂದು ಉಳೀತು, ಸರಿ ಅದ. ಇನ್ನ ಎರಡು ಉಳೀತಂದ್ರ ಉಲ್ಟಾ ತಪ್ಪು, "ದಿ ರೇನ್ ಸ್ಟಾಪ್ಡ್ ವಿ ವೆಂಟ್ ಹೋಮ್" ಅಂತ ಎರಡು ವಾಕ್ಯ ಒಂದಕ್ಕೊಂದು ಅಂಟಿಸಿದ್ದು, ಅದಕ್ಕ ರನ್ ಆನ್ ಅಂತಾರ, ನಡಬರಕ ಬರೇ ಕಾಮಾ ಹಾಕಿದ್ರ ಕಾಮಾ ಸ್ಪ್ಲೈಸ್ ಅಂತಾರ. ಚುಕ್ಕಿ ಹಾಕ್ರಿ ಇಲ್ಲಾ ಸೆಮಿಕೋಲನ್ ಹಾಕ್ರಿ ಇಲ್ಲಾ ಒಂದು "ಸೋ" ಹಾಕ್ರಿ.

ನಿಮ್ಮ 1984ರದು ನೋಡ್ರಿ ಈಗ. ಬಿಕೇಮ್, ಗೋ, ಎರಡು ಕ್ರಿಯಾಪದ. ಆಲ್ದೋ, ಬಟ್, ಎರಡು ಜೋಡಿಸೂ ಪದ. ಸೊನ್ನಿ! ಅದಕ್ಕ ಬಟ್‌ಗೆ ರೌಂಡ್ ಹಾಕ್ಯಾರ. ಎರಡ್ರಾಗ ಒಂದ ಇಟಗೋಬೇಕು. "ಸಿನ್ಸ್" ಹಾಕಿ ಮತ್ತ "ಸೋ" ಹಾಕೂದೂ ಅದ ತಪ್ಪು, ನಮ್ಮ ಮಂದಿ ಭಾಳ ಮಾಡ್ತಾರ.

ಒಂದು ಖಬರ ಇರ್ಲಿ, "ಹ್ಯಾಸ್ ಬೀನ್ ವೇಟಿಂಗ್" ಅನ್ನೂದು ಮೂರು ಪದ ಇದ್ರೂ ಕ್ರಿಯಾಪದ ಒಂದ. ಆಮ್ಯಾಲ "ಆಂಡ್" ಎರಡು ಹೆಸರ ಜೋಡಿಸಿದ್ರ, ಅಂದ್ರ "ಟೀ ಆಂಡ್ ಬಿಸ್ಕಿಟ್" ಅಂದ್ರ, ಅದನ್ನ ಎಣಸಬ್ಯಾಡ್ರಿ, ಕ್ರಿಯಾಪದ ಜೋಡಿಸಿದ್ರ ಮಾತ್ರ ಎಣಸ್ರಿ. ಮತ್ತ ವಾಕ್ಯ ಶುರುನ "ಬಟ್"ದಿಂದ ಆದ್ರ ಅದು ಹಿಂದಿನ ವಾಕ್ಯಕ್ಕ ಕೈ ಚಾಚಿದ್ದು, ಅದನ್ನೂ ಎಣಿಕ್ಯಾಗ ಹಿಡೀಬ್ಯಾಡ್ರಿ, ಪೇಪರದಾಗ ಪುಸ್ತಕದಾಗ ಎಲ್ಲಾ ಕಡಿ ಹಂಗ ಬರೀತಾರ. ಅಸೈನ್‌ಮೆಂಟ್‌ದಾಗ ಕೆಲವು ಸರ್‌ಗೋಳಿಗೆ ಸೇರಂಗಿಲ್ಲ, ಅದು ಬ್ಯಾರೆ ಮಾತು.

ಪಿಎಸ್‌ಸಿ ಕನಸುಗಾರ:

ಎಣಿಕೆ ಸೂಪರ್. ಆದ್ರೆ ನಂಗೊಂದು ಡೌಟು, "ಗೋ!" ಅಂತ ಒಂದೇ ಪದ, ಕರ್ತೃವೇ ಇಲ್ಲ, ಅದು ವಾಕ್ಯ ಹೇಗಾಯ್ತು? ಮತ್ತೆ ಪೇಪರಲ್ಲಿ ದಿನಾ "ಹೆವಿ ರೇನ್ ಇನ್ ಕಾಸರಗೋಡ್" ಅಂತ ಹೆಡ್ಡಿಂಗ್ ಹಾಕ್ತಾರಲ್ಲ, ಅದ್ರಲ್ಲಿ ಕ್ರಿಯಾಪದ ಎಲ್ಲುಂಟು? ಅವ್ರಿಗೆ ಯಾರು ಕೆಂಪು ಹಾಕುದು?

ಮುಳ್ಳೇರಿಯದ ಟೀಚರ್:

ಅಪ್ಪಣೆ ಕೊಡುವ ವಾಕ್ಯದಲ್ಲಿ "ಯೂ" ಅಡಗಿ ಕೂತಿರ್ತದೆ. ನೀವು ಪಿಎಸ್‌ಸಿಗೆ ಕ್ವೆಶ್ಚನ್ ಟ್ಯಾಗ್ ಓದ್ತೀರಲ್ಲ, "ಶಟ್ ದಿ ಡೋರ್, ವಿಲ್ ಯೂ?" ಅಂತ, ಆ ಟ್ಯಾಗಿನಲ್ಲಿ ಅಡಗಿದ ಯೂ ಹೊರಗೆ ಬರ್ತದೆ ನೋಡಿ. ಹೆಡ್ಡಿಂಗು, ಬೋರ್ಡು, ಜಾಹೀರಾತು ಇವೆಲ್ಲ ಜಾಗ ಉಳಿಸ್ಲಿಕ್ಕೆ ಹಾಗೆ ಬರೆಯುದು, ಯಾರೂ ಅದನ್ನು ಪೂರ್ತಿ ವಾಕ್ಯ ಅಂತ ಲೆಕ್ಕಕ್ಕೆ ಹಿಡಿಯುದಿಲ್ಲ. ಮಾತಾಡುವಾಗಲೂ ಹಾಗೇ, "ವೇರ್ ಆರ್ ಯೂ ಗೋಯಿಂಗ್?" ಅಂದ್ರೆ "ಟು ಕುಂಬಳೆ" ಅಂತ ಅಷ್ಟೇ ಹೇಳುದು, "ಐ ಆಮ್ ಗೋಯಿಂಗ್ ಟು ಕುಂಬಳೆ" ಅಂತ ಪೂರ್ತಿ ಹೇಳಿದ್ರೆ ಇವ ಇಂಟರ್‌ವ್ಯೂ ಕೊಡ್ತಿದ್ದಾನಾ ಅಂತ ನೋಡ್ತಾರೆ. ಕಥೆ ಬರೆಯುವವರೂ ಬೇಕಂತಲೇ ಫ್ರಾಗ್ಮೆಂಟ್ ಇಡ್ತಾರೆ. ಅಸೈನ್‌ಮೆಂಟ್, ಅರ್ಜಿ, ರಿಪೋರ್ಟ್ ಇವುಗಳಲ್ಲಿ ಮಾತ್ರ ಬೇಡ. ಅರ್ಜಿಯಲ್ಲಿ "ರಿಕ್ವೆಸ್ಟಿಂಗ್ ಯೂ ಟು ಗ್ರಾಂಟ್ ಲೀವ್." ಅಂತ ಬರ್ದು ಚುಕ್ಕಿ ಇಡುವವರು ಎಷ್ಟೋ ಜನ, ಅದ್ರಲ್ಲಿ ಕರ್ತೃವೂ ಇಲ್ಲ, ಕಾಲವೂ ಇಲ್ಲ. "ಐ ರಿಕ್ವೆಸ್ಟ್ ಯೂ" ಅಂತ ಬರೆದ್ರೆ ಹೆಚ್ಚಾಗುದು ಒಂದೇ ಪದ.

ಹಾಂ, ಕರ್ತೃ ಬಿಡುವ ಅಭ್ಯಾಸ ನಮ್ಗೆ ಕನ್ನಡದಿಂದಲೇ ಬಂದದ್ದು. "ನಿನ್ನೆ ಬಂದೆ" ಅಂದ್ರೆ ಬಂದದ್ದು ನಾನು ಅಂತ ಕ್ರಿಯಾಪದವೇ ಹೇಳ್ತದೆ. ಇಂಗ್ಲಿಷಿನ "ಕೇಮ್" ಯಾರು ಬಂದದ್ದು ಅಂತ ಹೇಳುದಿಲ್ಲ. ಮಲಯಾಳದ "ವನ್ನು" ಕೂಡ ಹೇಳುದಿಲ್ಲ, ಆದ್ರೂ ಅವರು ಕರ್ತೃ ಬಿಡ್ತಾರೆ, ಅದೊಂದು ಆಶ್ಚರ್ಯ. "ಇದು ನಮ್ಮ ಶಾಲೆ" ಅಂತ ಕ್ರಿಯಾಪದವೇ ಇಲ್ಲದೆ ನಾವು ಮುಗಿಸ್ತೇವೆ, ಮಲಯಾಳದವರಿಗೆ ಕೊನೆಗೊಂದು "ಆಣ್" ಬೀಳ್ತದೆ. ಇಂಗ್ಲಿಷಿನಲ್ಲಿ "ಈಸ್" ಬಿಟ್ರೆ ನಡೆಯುದೇ ಇಲ್ಲ.

ಬದಿಯಡ್ಕದ ಬಸ್ಸು:

ಓ ಈಗ ಸ್ವಲ್ಪ ಸ್ವಲ್ಪ ತಲೆಗೆ ಹೋಗ್ತಾ ಉಂಟು. ಅಕ್ಕಲಕೋಟದ ಅಣ್ಣನ ಎಣಿಕೆ ಹಿಡ್ಕೊಂಡು ನನ್ನ ನೋಟ್ಸ್ ಪೂರ್ತಿ ನೋಡ್ತಾ ಕೂತೆ, ಮೂರು ಕಡೆ ಸಿಕ್ಕಿ ಬಿದ್ದೆ, ನೋಡಿ.

ಒಂದು, "ದಿ ಮ್ಯಾನ್ ಹೂ ಸೆಲ್ಸ್ ಫಿಶ್ ಇನ್ ದಿ ಮಾರ್ನಿಂಗ್ ಆಂಡ್ ಡ್ರೈವ್ಸ್ ಆನ್ ಆಟೋ ಇನ್ ದಿ ಈವ್ನಿಂಗ್." ಕ್ರಿಯಾಪದ ಎರಡು ಉಂಟು, ಸೆಲ್ಸ್, ಡ್ರೈವ್ಸ್. ಓದ್ಲಿಕ್ಕೂ ಸರಿ ಉಂಟು ಅನಿಸ್ತದೆ.

ಎರಡು, "ಐ ನೋ ಹಿ ವಿಲ್ ಕಮ್." ಕ್ರಿಯಾಪದ ಎರಡು, ಜೋಡಿಸುದು ಯಾವ್ದೂ ಇಲ್ಲ, ಹಾಗಾದ್ರೆ ತಪ್ಪಾ? ಎಲ್ಲಾ ಕಡೆ ಹೀಗೇ ಬರೀತಾರಲ್ಲ.

ಮೂರು, "ದಿ ಬ್ರಿಜ್ ಬಿಲ್ಟ್ ಲಾಸ್ಟ್ ಇಯರ್ ನಿಯರ್ ದಿ ಟೆಂಪಲ್." ಇದ್ರಲ್ಲಿ "ಬಿಲ್ಟ್" ಭೂತಕಾಲ ಅಲ್ವಾ, ಒಂದು ಉಳಿಯಿತು, ಸರಿ ಅಂತ ಲೆಕ್ಕ ಬರ್ತದೆ. ಆದ್ರೆ ಓದಿದ್ರೆ ಎಂತದೋ ಕೊರತೆ.

ಅಕ್ಕಲಕೋಟ ಮಂದಿ:

ಒಂದನೇದು ಎಣಸ್ರಿ ಪೂರ್ತಿ. ಸೆಲ್ಸ್, ಡ್ರೈವ್ಸ್ ಎರಡು. ಹೂ, ಆಂಡ್ ಎರಡು. ಸೊನ್ನಿ ಆತಲ್ಲ! ಆ ಎರಡೂ ಕ್ರಿಯಾಪದ "ಹೂ" ಅನ್ನೂದು ಎಳಕೊಂಡು ಹೋತು, "ದಿ ಮ್ಯಾನ್" ಪಾಪ ಮಾರಿ ನೋಡಕೋತ ಹಂಗ ನಿಂತಾನ, ಅಂವಗ ಒಂದು ಕ್ರಿಯಾಪದ ಕೊಡ್ರಿ. ಕೊನೀಗಿ "ಈಸ್ ಮೈ ನೇಬರ್" ಹಚ್ರಿ, ಮೂರರಾಗ ಎರಡು ಹೋತು, ಒಂದು ಉಳೀತು.

ಎರಡನೇದ್ರಾಗ "ದಟ್" ಅದ, ಕಾಣವಲ್ದು ಅಷ್ಟ. "ಐ ನೋ ದಟ್ ಹಿ ವಿಲ್ ಕಮ್." ನೋ, ಥಿಂಕ್, ಸೇ, ಹೋಪ್ ಇಂಥಾವ ಆದಮ್ಯಾಗ ದಟ್ ಬಿಟ್ಟ ಬಿಡ್ತಾರ. "ದಿ ಬುಕ್ ಐ ಬಾಟ್" ಅಂದಲ್ಲೂ ಹಂಗ, ಅಲ್ಲಿ ವಿಚ್ ಕಾಣಂಗಿಲ್ಲ. ಬಿಟ್ಟಿದ್ದನ್ನ ಸೇರಿಸಿ ಎಣಸ್ರಿ. ಮೂರನೇದು ಟೀಚರ್ ಹೇಳ್ಲಿ, ಅಲ್ಲಿ ನನ್ನ ಎಣಿಕೀನೂ ಮೋಸ ಹೋಗ್ತದ.

ಮುಳ್ಳೇರಿಯದ ಟೀಚರ್:

"ಬಿಲ್ಟ್" ನಿಜಕ್ಕೂ ಕಷ್ಟದ್ದು, ಯಾಕಂದ್ರೆ ಭೂತಕಾಲವೂ ಬಿಲ್ಟ್, "ಕಟ್ಟಿದ" ಅನ್ನುವ ಕೃದಂತವೂ ಬಿಲ್ಟ್. ನೋಡಿದ್ರೆ ಗೊತ್ತಾಗುದಿಲ್ಲ, ಕೇಳ್ಬೇಕು. ಸೇತುವೆ ಎಂತದ್ದನ್ನಾದ್ರೂ ಕಟ್ಟಿತಾ? ಇಲ್ಲ, ಸೇತುವೆಯನ್ನು ಯಾರೋ ಕಟ್ಟಿದ್ದು. ಅಂದ ಮೇಲೆ ಇಲ್ಲಿ ಬಿಲ್ಟ್ ಕ್ರಿಯಾಪದ ಅಲ್ಲ, ಸೇತುವೆಗೆ ಹಚ್ಚಿದ ವಿಶೇಷಣ, "ಕಳೆದ ವರ್ಷ ಕಟ್ಟಿದ ಸೇತುವೆ" ಅಂತ ಆಯ್ತು. "ವಾಸ್ ಬಿಲ್ಟ್" ಮಾಡಿದ್ರೆ ವಾಕ್ಯ. ಅಥವಾ "ಹ್ಯಾಸ್ ಆಲ್‌ರೆಡಿ ಕ್ರ್ಯಾಕ್ಡ್" ಅಂತ ಕೊನೆಗೆ ಸೇರಿಸಿ, ಈಗಿನ ಸೇತುವೆಗಳಿಗೆ ಅದೂ ಹೊಂದ್ತದೆ. ಬೇಕಲದ ವಾಕ್ಯದಲ್ಲಿ ಅದೇ "ಬಿಲ್ಟ್" ಕ್ರಿಯಾಪದವೇ ಹೌದು, ಯಾಕಂದ್ರೆ ಅಲ್ಲಿ ಕಟ್ಟಿದ್ದು ನಾಯಕರು, ಅವರು ಕರ್ತೃವಾಗಿ ಎದುರೇ ಇದ್ದಾರೆ. ಸೆಂಟ್, ಮೇಡ್, ಫೌಂಡ್, ಕಾಲ್ಡ್ ಎಲ್ಲ ಇದೇ ಥರ, ಬಂದಲ್ಲೆಲ್ಲ ಮಾಡಿದ್ದು ಯಾರು ಅಂತ ಒಮ್ಮೆ ಕೇಳ್ಕೊಳ್ಳಿ.

ಇದ್ರ ಜೊತೆ ಇನ್ನೊಂದು ನಮೂನೆಯನ್ನೂ ನೋಡಿ ಇಟ್ಕೊಳ್ಳಿ, "ವಾಟ್ ಹಿ ಸೆಡ್ ವಾಸ್ ಟ್ರೂ." ಇಲ್ಲಿ "ವಾಟ್ ಹಿ ಸೆಡ್" ಅನ್ನುವ ಇಡೀ ಕ್ಲಾಜೇ ಕರ್ತೃ, "ಅವ ಹೇಳಿದ್ದು" ಅಂತ. ಕರ್ತೃ ಅಂದ್ರೆ ಒಂದೇ ಹೆಸರು ಇರ್ಬೇಕು ಅಂತ ಹುಡುಕಿದ್ರೆ ಸಿಗುದಿಲ್ಲ.

ಹೊಸಂಗಡಿ ಅಮ್ಮ:

ಈ ಸಾಮಾನ್ಯ ವಾಕ್ಯ, ಸಂಯೋಜಿತ ವಾಕ್ಯ, ಮಿಶ್ರ ವಾಕ್ಯ ಅಂತ ಕನ್ನಡ ವ್ಯಾಕರಣದಲ್ಲಿ ಉಂಟಲ್ಲ ಟೀಚರ್, ಅದೂ ಇದೂ ಒಂದೇಯಾ? ಮಗಳು ಕೇಳ್ತಿದ್ದಾಳೆ.

ಮುಳ್ಳೇರಿಯದ ಟೀಚರ್:

ಹೌದು ಅಕ್ಕ, ಸಿಂಪಲ್, ಕಾಂಪೌಂಡ್, ಕಾಂಪ್ಲೆಕ್ಸ್. ಆಂಡ್, ಬಟ್, ಆರ್, ಸೋ, ಯೆಟ್, ನಾರ್, ಫಾರ್ ಇವುಗಳಿಂದ ಸರಿಸಮ ಕ್ಲಾಜ್ ಜೋಡಿಸಿದ್ರೆ ಸಂಯೋಜಿತ, ಬಿಕಾಸ್ ಆಲ್ದೋ ಜಾತಿಯದ್ದರಿಂದ ಒಂದನ್ನು ಇನ್ನೊಂದರ ಕೆಳಗೆ ಹಾಕಿದ್ರೆ ಮಿಶ್ರ. ಒಂದೇ ಒಂದು ಕ್ಲಾಜ್ ಇದ್ರೆ ಸಾಮಾನ್ಯ, ಅದು ಎಷ್ಟು ಉದ್ದ ಇದ್ರೂ ಸರಿ. ಕನ್ನಡದಲ್ಲಿ ಕಲಿತದ್ದು ನೆನಪಿದ್ರೆ ಅವಳಿಗೆ ಅರ್ಧ ಕೆಲಸ ಆಯ್ತು.

ಪಿಎಸ್‌ಸಿ ಕನಸುಗಾರ:

ಕೊನೆಗೆ ಒಂದು, "ಹೌಎವರ್" ಜೋಡಿಸುವ ಪದವಾ? "ದಿ ಬಸ್ ವಾಸ್ ಲೇಟ್, ಹೌಎವರ್ ವಿ ರೀಚ್ಡ್ ಆನ್ ಟೈಮ್" ಅಂತ ಬರೆದ್ರೆ ಎರಡರಲ್ಲಿ ಒಂದು ಕಳೆದು ಒಂದು ಉಳೀತದೆ, ಸರಿ ತಾನೆ?

ಅಕ್ಕಲಕೋಟ ಮಂದಿ:

ಅಲ್ರೀ, ಅಲ್ಲೇ ಎಲ್ಲಾರೂ ಬೀಳೂದು. ಹೌಎವರ್, ದೇರ್‌ಫೋರ್, ಮೋರ್‌ಓವರ್ ಇವು ಜೋಡಿಸಂಗಿಲ್ಲ. ಗುರ್ತು ಏನಂದ್ರ ಅದನ್ನ ಎತ್ತಿ ಬ್ಯಾರೆ ಕಡಿ ಇಡಾಕ ಬರ್ತದ, "ವಿ ರೀಚ್ಡ್ ಆನ್ ಟೈಮ್, ಹೌಎವರ್" ಅಂತ ಕೊನೀಗಿ ಇಟ್ರೂ ನಡೀತದ. ಬಟ್‌ನ ಹಂಗ ಎತ್ತಿ ಕೊನೀಗಿ ಇಡ್ರಿ ನೋಡೂಣು, ಆಗಂಗಿಲ್ಲ. ಅದಕ್ಕ ಇದನ್ನ ಎಣಸಬ್ಯಾಡ್ರಿ, ಲೇಟ್ ಆದಮ್ಯಾಗ ಕಾಮಾ ತಗದು ಸೆಮಿಕೋಲನ್ ಹಾಕ್ರಿ, ಹೌಎವರ್ ಆದಮ್ಯಾಗ ಒಂದು ಕಾಮಾ.